ಒಣಗಿದ ಕಾಯಿಯ ಗಣಿತ

ಬೇಸಿಗೆಯಲ್ಲಿ ಬಸವನಪಾದದ ಒಣ ಕಾಯಿ ಸಿಡಿಯುವುದು ಬಯಲುಸೀಮೆಯವರಿಗೆ ಹೊಸದಲ್ಲ. ಚಪ್ಪಟೆ ಕಾಯಿ ಎರಡು ಹೋಳಾಗಿ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ತಿರುಚಿಕೊಂಡು ಬೀಜವನ್ನು ದೂರಕ್ಕೆ ಎಸೆಯುತ್ತದೆ. ಮಧುಗಿರಿ ತಾಲ್ಲೂಕಿನ ದೊಡ್ಡೇರಿಯಂಥ ಊರುಗಳ ಆಸುಪಾಸಿನಲ್ಲಿ ಓಡಾಡುವವರ ಬಟ್ಟೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲಿನದೂ ಇಂಥದೇ ಕಥೆ. ತೇವ ತಗಲಿದರೆ ಅದರ ಬಾಲದ ಹುರಿ ಬಿಚ್ಚುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗುತ್ತ ತಿರುಗುತ್ತ ಬೀಜ ಮಣ್ಣಿಗಿಳಿಯುತ್ತದೆ. ಮೋಟಾರಿಲ್ಲ, ಕೀಲಿಲ್ಲ, ಒಣಗಿದ ಆ ಬಾಲದಲ್ಲಿ ಜೀವವೂ ಇಲ್ಲ.

ಹಾಗಾದರೆ ತಿರುಚುವ ಬಲ ಬಂದದ್ದೆಲ್ಲಿಂದ? ಇದು ಮಕ್ಕಳ ಪ್ರಶ್ನೆಯಂತೆ ಕಂಡರೂ ಇಂದು ಯಂತ್ರಶಾಸ್ತ್ರದ ಪಿಎಚ್.ಡಿ. ಪ್ರಬಂಧಗಳಿಗೆ ವಸ್ತು.

ಉತ್ತರದ ಸುಳಿವು ಇಸ್ತ್ರಿಪೆಟ್ಟಿಗೆಯಲ್ಲಿದೆ. ಅದರ ಥರ್ಮೋಸ್ಟಾಟ್‌ನಲ್ಲಿ ಎರಡು ಬಗೆಯ ಲೋಹದ ಪಟ್ಟಿಗಳನ್ನು ಬೆಸೆದಿರುತ್ತಾರೆ. ಕಾದಾಗ ಒಂದು ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಬೆಸೆದುಕೊಂಡಿರುವುದರಿಂದ ಬಾಗದೆ ವಿಧಿಯಿಲ್ಲ. ಎಷ್ಟು ಬಾಗುತ್ತದೆಂಬ ಲೆಕ್ಕವನ್ನು 1925ರಲ್ಲಿ ಸ್ಟೀಫನ್ ಟಿಮೊಶೆಂಕೊ ಪ್ರಕಟಿಸಿದರು. ಕಾಯಿಯಲ್ಲಿ ಲೋಹದ ಬದಲು ನಾರು, ಶಾಖದ ಬದಲು ತೇವ. ಸಿಪ್ಪೆಯ ಎರಡು ಪದರಗಳ ನಾರುಗಳು ಒಂದಕ್ಕೊಂದು ಅಡ್ಡಲಾಗಿ, ಕಾಯಿಯ ಉದ್ದಕ್ಕೆ ಸುಮಾರು 45 ಡಿಗ್ರಿ ಓರೆಯಾಗಿ ಇರುತ್ತವೆ. ಒಣಗುವಾಗ ಪದರಗಳು ಬೇರೆ ಬೇರೆ ದಿಕ್ಕಿಗೆ ಕುಗ್ಗುತ್ತವೆ, ಸಿಪ್ಪೆ ಸುರುಳಿಯಾಗುತ್ತದೆ. 2011ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಿಗ್ಗಿಸಿದ ರಬ್ಬರ್ ಹಾಳೆಗಳನ್ನು ಅಡ್ಡಡ್ಡ ಅಂಟಿಸಿ ಇದೇ ಸುರುಳಿಯನ್ನು ಮಾಡಿ ತೋರಿಸಿದರು. ಇದಕ್ಕೂ ಮೊದಲು, 2005ರಲ್ಲಿ, ಮದ್ರಾಸ್ ಐಐಟಿಯಲ್ಲಿ ಓದಿದ ಎಲ್. ಮಹಾದೇವನ್ ಮತ್ತು ಸಂಗಡಿಗರು ನೊಣ ಹಿಡಿಯುವ ವೀನಸ್ ಗಿಡದ ಎಲೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಚ್ಚಿಕೊಳ್ಳುವ ಗುಟ್ಟನ್ನು ವಿವರಿಸಿದ್ದರು. ತಗಡಿನ ಮುಚ್ಚಳ ಒತ್ತಿದಾಗ ಟಕ್ಕೆಂದು ಒಳಮುಖವಾಗುವಂತೆ ಎಲೆಯ ಬಾಗು ತಟ್ಟನೆ ಬದಲಾಗುತ್ತದೆ.

ಸಂಶೋಧಕರಿಗೆ ನಿಜವಾದ ಸವಾಲು ಇದರ ತಿರುಗುಮುರುಗು ಲೆಕ್ಕ: ಬೇಕಾದ ಆಕಾರ ಗೊತ್ತು, ಅದಕ್ಕೆ ಪದರಗಳು ಹೇಗಿರಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಜಿ.ಕೆ. ಅನಂತಸುರೇಶ್ ಇದಕ್ಕೆ ಹತ್ತಿರದ ಕ್ಷೇತ್ರದಲ್ಲಿ, ಕೀಲುಗಳಿಲ್ಲದೆ ಇಡೀ ತುಂಡೇ ಬಾಗಿ ಕೆಲಸ ಮಾಡುವ ಯಂತ್ರಗಳ ಸಂಶೋಧನೆಯಲ್ಲಿ ಹೆಸರಾದವರು. 2010ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಜೀವಕೋಶವನ್ನು ಹಿಡಿಯಬಲ್ಲ ಪುಟ್ಟ ಇಕ್ಕುಳಗಳು ಇಂಥ ವಿದ್ಯೆಯ ಫಲ.

ಹೆತ್ತವರ ಚಿಂತೆ ಬೇರೆ. ಬಿ.ಇ. ಮುಗಿಸಿದ ಮಗ ಅಥವಾ ಮಗಳು ಇನ್ನೂ ಐದಾರು ವರ್ಷ ಓದುತ್ತ ಕೂತರೆ ಮನೆ ನಡೆಯಬೇಡವೆ? ಈ ಪ್ರಶ್ನೆ ನ್ಯಾಯವಾದದ್ದೇ. ಸಂಶೋಧನೆಯಲ್ಲಿ ತಿಂಗಳುಗಟ್ಟಲೆ ಫಲ ಕಾಣದಿರುವುದೂ ಉಂಟು. ಆದರೆ ಇದು ಕೈಯಿಂದ ಹಣ ಹಾಕುತ್ತ ಕೂರುವ ಓದಲ್ಲ. ಕೇಂದ್ರದ ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೂ, ಸೀನಿಯರ್ ಫೆಲೋಶಿಪ್ 42,000 ರೂಪಾಯಿಗೂ ಏರಿದವು. ದಾರಿಯೂ ಸ್ಪಷ್ಟ: ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ, ಬಳಿಕ ಬಿ.ಇ., ಗೇಟ್ ಪರೀಕ್ಷೆ, ಸಂದರ್ಶನ. ಅಲ್ಲಿ ಬೇಕಾದದ್ದು ಬಾಯಿಪಾಠವಲ್ಲ, ಮೂಲ ಪಾಠಗಳ ಸ್ಪಷ್ಟ ತಿಳಿವು.

ಆಸಕ್ತಿ ಇದೆಯೇ ಎಂದು ತಿಳಿಯಲು ಅಷ್ಟು ದಿನ ಕಾಯಬೇಕಿಲ್ಲ. ಸುರುಳಿಯಾದ ಬಸವನಪಾದದ ಸಿಪ್ಪೆಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಸುರುಳಿ ಬಿಚ್ಚತೊಡಗುತ್ತದೆ. ಒಣಗಿಸಿದರೆ ಮತ್ತೆ ತಿರುಚುತ್ತದೆ. ಅಗಲದ ಸಿಪ್ಪೆ ಎಷ್ಟು ಸುತ್ತು ಸುತ್ತಿತು, ಕಿರಿದಾಗಿ ಸೀಳಿದ್ದು ಎಷ್ಟು ಸುತ್ತಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ವಿದ್ಯಾರ್ಥಿ ಈ ಸಂಶೋಧನೆಯ ಮೊದಲ ಪುಟ ತೆರೆದಂತೆಯೇ.