ಕೋಚ್ ನಮ್ಮವರಿರಲಿ, ಮೇಷ್ಟ್ರು ಹೊರಗಿನಿಂದ ಬರಲಿ

ಭಾರತದ ಫುಟ್‌ಬಾಲ್ ತಂಡ ಸೋತಾಗಲೆಲ್ಲ ಮೊದಲು ಉರುಳುವುದು ಕೋಚ್ ತಲೆ. 2024ರ ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ, ಜೂನ್‌ನಲ್ಲಿ ಕತಾರ್‌ಗೆ 1-2ರಿಂದ ಸೋತ ಮೇಲೆ ಕ್ರೊಯೇಷಿಯಾದ ಇಗೊರ್ ಸ್ಟಿಮಾಚ್ ಅವರನ್ನು ಮನೆಗೆ ಕಳಿಸಲಾಯಿತು. ನಂತರ ಬಂದ ಸ್ಪೇನ್‌ನ ಮನೋಲೊ ಮಾರ್ಕ್ವೆಜ್ ವರ್ಷ ತುಂಬುವ ಮೊದಲೇ ಹೊರಟರು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಅವರಿಗೆ ಹೊಣೆ ಬಂತು. ಸವಿಯೊ ಮೆಡೈರಾ ನಂತರ, ಸುಮಾರು 13 ವರ್ಷದ ಮೇಲೆ ಭಾರತೀಯರೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಆಗಲೇ. ಸ್ವದೇಶಿಯೋ ವಿದೇಶಿಯೋ ಎಂಬ ಹಳೇ ಜಗಳ ಮತ್ತೆ ಶುರುವಾಗಿದೆ. ಅದನ್ನು ಅಭಿಮಾನಕ್ಕೆ ಬಿಡದೆ, ಈ ಕೆಲಸ ಏನನ್ನು ಬೇಡುತ್ತದೆ ಎಂದು ನೋಡುವುದು ಒಳ್ಳೆಯದು.

ಕ್ಲಬ್ ಕೋಚ್‌ಗೆ ಆಟಗಾರರು ದಿನವೂ ಸಿಗುತ್ತಾರೆ. ರಾಷ್ಟ್ರೀಯ ಕೋಚ್‌ಗೆ ಸಿಗುವುದು ವರ್ಷದಲ್ಲಿ ಕೆಲವೇ ಬಾರಿ, ಪ್ರತಿ ಸಲ ಹೆಚ್ಚೂಕಡಿಮೆ ಹತ್ತು ದಿನ. ಅದರಲ್ಲೂ ಮೊದಲೆರಡು ದಿನ ಪ್ರಯಾಣದ ಆಯಾಸ ಕಳೆಯುವುದಕ್ಕೇ ಹೋಗುತ್ತದೆ. ಹೊಸ ಪಾಠ ಹೇಳಿಕೊಡಲು ಅಲ್ಲಿ ಪುರಸೊತ್ತಿಲ್ಲ. ಯಾರು ಯಾವ ಜಾಗದಲ್ಲಿ ಆಡಿ ಬೆಳೆದವರು, ಮಿಜೋರಾಂ ಹುಡುಗನಿಗೂ ಕೇರಳದ ಹುಡುಗನಿಗೂ ವಿರಾಮದ ವೇಳೆ ಹೇಗೆ ಹೇಳಿದರೆ ನಾಟುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಕೋಚ್ ಆಗಿದ್ದ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಗೆದ್ದದ್ದು ಇಂಥ ತಿಳಿವಳಿಕೆಯಿಂದ. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ಬೇರೆಯವರಾಗಿದ್ದರೆ ಬೆಂಚಿನ ಮೇಲೆ ಕೂರಿಸುತ್ತಿದ್ದರೇನೋ. ರಹೀಂ ಮಾತ್ರ ಜರ್ನೈಲ್ ಅವರನ್ನು ಮುಂಚೂಣಿಗೆ ತಂದು ನಿಲ್ಲಿಸಿದರು. ಜರ್ನೈಲ್ ಸೆಮಿಫೈನಲ್‌ನಲ್ಲಿ ಗೋಲು ಹೊಡೆದರು, ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿದ ಫೈನಲ್‌ನಲ್ಲೂ ಹೊಡೆದರು.

ವಿದೇಶಿ ಕೋಚ್ ಗುಸ್ ಹಿಡ್ಡಿಂಕ್ ದಕ್ಷಿಣ ಕೊರಿಯಾವನ್ನು 2002ರ ವಿಶ್ವಕಪ್ ಸೆಮಿಫೈನಲ್‌ಗೆ ಒಯ್ಯಲಿಲ್ಲವೇ, ವಿದೇಶಿಯೇ ಆದ ಬಾಬ್ ಹೌಟನ್ ನಮಗೇ 2007 ಮತ್ತು 2009ರ ನೆಹರೂ ಕಪ್ ಗೆದ್ದುಕೊಟ್ಟು, 27 ವರ್ಷದ ನಂತರ 2011ರ ಏಷ್ಯಾ ಕಪ್‌ಗೆ ಕರೆದೊಯ್ಯಲಿಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಇಬ್ಬರಿಗೂ ಆಟಗಾರರನ್ನು ಕ್ಲಬ್‌ಗಳಿಂದ ಬಿಡಿಸಿ ದೀರ್ಘ ಶಿಬಿರ ನಡೆಸುವ ಅವಕಾಶ ಕೊಡಲಾಗಿತ್ತು. ಇಂದಿನ ಕ್ಲಬ್‌ಗಳು ಅದಕ್ಕೆ ಒಪ್ಪುವುದು ಕಷ್ಟ. ಸಮಯ ಕಡಿಮೆ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಮೊರಾಕೊ ನೋಡಿ. 2022ರ ವಿಶ್ವಕಪ್‌ಗೆ ಮೂರು ತಿಂಗಳೂ ಇಲ್ಲದಾಗ ಬೋಸ್ನಿಯಾದ ಕೋಚ್ ಹೋಗಿ, ಮೊರಾಕೊದ್ದೇ ಕ್ಲಬ್‌ಗೆ ಆಫ್ರಿಕಾ ಪ್ರಶಸ್ತಿ ಗೆಲ್ಲಿಸಿದ್ದ ವಾಲಿದ್ ರೆಗ್ರಾಗಿ ಬಂದರು. ತಂಡ ಸೆಮಿಫೈನಲ್ ಮುಟ್ಟಿತು. 1930ರಿಂದ 2022ರವರೆಗಿನ 22 ವಿಶ್ವಕಪ್‌ಗಳಲ್ಲಿ ಒಂದನ್ನೂ ಪರದೇಶದ ಕೋಚ್ ಗೆದ್ದಿಲ್ಲ. ದೊಡ್ಡ ದೇಶಗಳು ಹೆಚ್ಚಾಗಿ ತಮ್ಮವರನ್ನೇ ನೇಮಿಸುವುದರಿಂದ ಈ ಲೆಕ್ಕವೊಂದನ್ನೇ ಹಿಡಿದು ವಾದಿಸಲಾಗದು, ನಿಜ.

ಜಮೀಲ್ ಏನು ಸಾಧಿಸಿದರು ಎನ್ನುವವರಿಗೂ ಉತ್ತರ ಹೇಳಬೇಕು. ಬಂದ ಮರುತಿಂಗಳೇ ತಜಿಕಿಸ್ತಾನದಲ್ಲಿ ಒಮಾನನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮಧ್ಯ ಏಷ್ಯಾ ಟೂರ್ನಿಯಲ್ಲಿ ಮೂರನೇ ಸ್ಥಾನ ತಂದರು. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರಕ್ಕೆ 1-2ರಿಂದ ಸೋತಾಗ 2027ರ ಏಷ್ಯಾ ಕಪ್ ಬಾಗಿಲು ಮುಚ್ಚಿತು. ಬಾಂಗ್ಲಾದೇಶದೊಂದಿಗೆ ಡ್ರಾ, ಹಾಂಗ್‌ಕಾಂಗ್‌ಗೆ ಸೋಲು ಅವರು ಬರುವ ಮೊದಲೇ ಆಗಿಹೋಗಿದ್ದವು. ಆದರೂ ಸಿಂಗಪುರದ ಸೋಲು ಅವರದೇ. ನಮ್ಮವರಾದರೆ ಗೆದ್ದೇ ಗೆಲ್ಲುತ್ತೇವೆ ಎಂದು ಯಾರೂ ಹೇಳುತ್ತಿಲ್ಲ.

ಗಂಭೀರವಾದ ಆಕ್ಷೇಪ ಬೇರೆಯೇ ಇದೆ: ಆ ಮಟ್ಟದ ಭಾರತೀಯ ಕೋಚ್‌ಗಳೇ ಬೆರಳೆಣಿಕೆ. ಅದನ್ನು ಒಪ್ಪಲೇಬೇಕು. ಐಜ್ವಾಲ್ ಕ್ಲಬ್ಬನ್ನು 2017ರಲ್ಲಿ ಐ-ಲೀಗ್ ಚಾಂಪಿಯನ್ ಮಾಡಿದ ಜಮೀಲ್ ಅವರಿಗೇ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಮುಖ್ಯ ಕೋಚ್ ಹುದ್ದೆ ಸಿಗಲು 2021ರವರೆಗೆ ಕಾಯಬೇಕಾಯಿತು. ನೀರಿಗಿಳಿಯಲು ಬಿಡದೆ ಈಜು ಬರುವುದಿಲ್ಲ ಎಂದರೆ ಹೇಗೆ? ಇದಕ್ಕೆ ದಾರಿ ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲೇ ಸಿಗುತ್ತದೆ. 1953ರಲ್ಲಿ ಇಲ್ಲಿ ಎಚ್‌ಎಂಟಿ ಕಾರ್ಖಾನೆ ಶುರುವಾದಾಗ ಯಂತ್ರ ಕಟ್ಟುವ ವಿದ್ಯೆ ಸ್ವಿಟ್ಜರ್ಲೆಂಡ್‌ನ ಓರ್ಲಿಕಾನ್ ಕಂಪನಿಯದು. 1961ರಲ್ಲಿ ಗಡಿಯಾರದ ವಿದ್ಯೆ ಜಪಾನಿನ ಸಿಟಿಜನ್‌ನದು. ಅವರು ಬಂದದ್ದು ಕಲಿಸುವುದಕ್ಕೆ. ಕಲಿತ ಮೇಲೆ ಕಾರ್ಖಾನೆ ನಡೆಸಿದವರು ಇಲ್ಲಿಯವರು. ಫುಟ್‌ಬಾಲ್‌ನಲ್ಲಿ ನಾವು ಮಾಡಿದ್ದು ಇದರ ತದ್ವಿರುದ್ಧ. ಹೊರಗಿನವರ ಕೈಗೆ ತಂಡವನ್ನೇ ಕೊಟ್ಟೆವು, ಕೋಚ್‌ಗಳನ್ನು ತಯಾರಿಸುವ ಕೆಲಸ ಹಿಂದೆ ಬಿತ್ತು.

ಒಳಗಿನವರಿಗೆ ಹೊಣೆ ಕೊಟ್ಟರೆ ಆಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದ ತಂಡದ ಕೋಚ್ ರವಿ ಬಾಬು ರಾಜು. ರಾಜ್ಯ ಮಟ್ಟದ ಗೆಲುವು ಬೇರೆ, ಏಷ್ಯಾ ಮಟ್ಟ ಬೇರೆ; ಆದರೂ ಮೆಟ್ಟಿಲು ಇರುವುದು ಇಲ್ಲಿಯೇ. ಹಾಗಾಗಿ ರಾಷ್ಟ್ರೀಯ ತಂಡ ಭಾರತೀಯರ ಕೈಯಲ್ಲೇ ಇರಲಿ. ವಿದೇಶಿಯರನ್ನು ಕರೆಸುವುದಾದರೆ, ಎಷ್ಟು ಭಾರತೀಯ ಕೋಚ್‌ಗಳನ್ನು ತಯಾರು ಮಾಡಿಕೊಡುತ್ತೀರಿ ಎಂಬ ಷರತ್ತನ್ನು ಫೆಡರೇಶನ್ ಕರಾರಿನ ಮೊದಲ ಪುಟದಲ್ಲೇ ಬರೆಸಿಕೊಳ್ಳಲಿ.