ಮನೆಯ ಚಾರ್ಜರು ಎಷ್ಟು ದೊಡ್ಡದಿರಬೇಕು?

ವಿದ್ಯುತ್ ಕಾರನ್ನು ಕೊಂಡವರು ಮನೆಗೊಂದು ಚಾರ್ಜರನ್ನೂ ಆರಿಸಬೇಕಾಗುತ್ತದೆ. ದೊಡ್ಡದೇ ಲೇಸೆಂದು ತೋರುವುದು ಸಹಜ. ಆದರೆ ಕೊಳ್ಳುವ ಮುನ್ನ ನಾವು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ನಮ್ಮ ಮನೆಗಳಿಗೆ ಒಂದೇ ಫೇಸಿನಲ್ಲಿ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. 16 ಆಂಪಿಯರ್ ಪ್ರವಾಹದಿಂದ ಸುಮಾರು 3.7 ಕಿಲೊವ್ಯಾಟ್, 32 ಆಂಪಿಯರಿನಿಂದ 7.4 ಕಿಲೊವ್ಯಾಟ್ ದೊರೆಯುತ್ತದೆ. ಕಾರು ಕಿಲೊಮೀಟರಿಗೆ 0.15 ಯೂನಿಟ್ ಬಳಸುವುದೆಂದು ಭಾವಿಸಿದರೆ, ದಿನದ 50 ಕಿಲೊಮೀಟರ್ ಸಂಚಾರಕ್ಕೆ ಬೇಕಾದುದು 7.5 ಯೂನಿಟ್. ನಡುವಣ ನಷ್ಟವನ್ನು ಸೇರಿಸಿದರೂ ಚಿಕ್ಕ ಚಾರ್ಜರು ಇದನ್ನು ಮೂರು ಗಂಟೆಗಳೊಳಗೆ ತುಂಬಬಲ್ಲದು. ನಾವು ನಿದ್ರಿಸುವ ಕಾಲ ಇದಕ್ಕೆ ಧಾರಾಳವಾಗಿ ಸಾಕು.

ಇಂತಹ ಚಾರ್ಜರು ಒದಗಿಸುವುದು ಪರ್ಯಾಯ ಪ್ರವಾಹವನ್ನು. ಬ್ಯಾಟರಿಗೆ ಬೇಕಾದುದು ಏಕಮುಖ ಪ್ರವಾಹ. ಈ ಪರಿವರ್ತನೆಯನ್ನು ಮಾಡುವ ಉಪಕರಣ ಕಾರಿನೊಳಗೇ ಇರುತ್ತದೆ. ಅದರ ಮಿತಿಗಿಂತ ದೊಡ್ಡ ಚಾರ್ಜರನ್ನು ತಂದರೂ ಕಾರು ಬೇಗ ತುಂಬದು.

ಎಲ್ಲಕ್ಕಿಂತ ಮುಖ್ಯವಾದುದು ಗೋಡೆಯೊಳಗಿನ ತಂತಿ. ಪ್ರವಾಹ ಇಮ್ಮಡಿಯಾದರೆ ಅದೇ ತಂತಿಯಲ್ಲಿ ಹುಟ್ಟುವ ಉಷ್ಣ ನಾಲ್ಮಡಿಯಾಗುತ್ತದೆ. ಗಂಟೆಗಟ್ಟಲೆ ಹೀಗೆ ಕಾದರೆ ಸಡಿಲವಾದ ಒಂದು ಜೋಡಣೆಯೇ ಬೆಂಕಿಗೆ ಮೂಲವಾಗಬಹುದು. ಆದುದರಿಂದ ತಕ್ಕ ದಪ್ಪದ ಪ್ರತ್ಯೇಕ ತಂತಿ, ಒಳ್ಳೆಯ ಭೂಸಂಪರ್ಕ, ಸೋರಿಕೆಯಾದೊಡನೆ ಪ್ರವಾಹವನ್ನು ಕಡಿಯುವ ಸಾಧನ, ಇವನ್ನು ಮೊದಲು ಹೊಂದಿಸಿಕೊಂಡು, ಆಮೇಲೆ ಚಾರ್ಜರನ್ನು ಆರಿಸುವುದು ವಿವೇಕ.