ಯಾವ ಕೆಲಸಕ್ಕೆ ಯಾವುದು ಕಾಯಬೇಕು?

ನಳದುರ್ಗದ ಖಂಡೋಬನ ಜಾತ್ರೆಗೆ ಜೈಂಟ್ ವ್ಹೀಲ್ ಲಾರಿಯಲ್ಲಿ ಬರುತ್ತದೆ. ಲೋಹಾರಾ, ಉಮರ್ಗಾ ಕಡೆಯವರಿಗೆ ಇದು ಗೊತ್ತಿರುವ ನೋಟ. ಹೊಲದಂಥ ಬಯಲಿನಲ್ಲಿ ಮರದ ದಿಮ್ಮಿ ಇಟ್ಟು, ಅದರ ಮೇಲೆ ಕಬ್ಬಿಣದ ಕಾಲು ನಿಲ್ಲಿಸಿ, ಅರೆಗಳನ್ನು ಒಂದೊಂದಾಗಿ ಬಿಗಿದು, ತೊಟ್ಟಿಲು ತೂಗು ಹಾಕುತ್ತಾರೆ. ಕೆಲವೇ ದಿನಗಳಲ್ಲಿ ಚಕ್ರ ತಿರುಗತೊಡಗುತ್ತದೆ. ಪಾಯ ತೋಡುವುದಿಲ್ಲ, ಗೋಡೆ ಕಟ್ಟುವುದಿಲ್ಲ, ಕರೆಂಟಿಗೆ ಜನರೇಟರ್ ಜೊತೆಗೇ ಇರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಲೆಕ್ಕವೆಲ್ಲ ಮೇಸ್ತ್ರಿಯ ತಲೆಯಲ್ಲಿದೆ, ಕಾಗದ ಬೇಡ.

ನಳದುರ್ಗ, ಉಮರ್ಗಾ ದಾಟುವ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಹೈದರಾಬಾದು. ಶಾಲಾ ಪ್ರವಾಸದ ಬಸ್ಸುಗಳು ಹೋಗುವ ಅಲ್ಲಿಯ ವಂಡರ್‌ಲಾ 2016ರಲ್ಲಿ ತೆರೆಯಿತು; ಬೆಂಗಳೂರು ಬಳಿಯ ಬಿಡದಿಯದು 2005ರದು. ಎರಡೂ ಕಡೆ ರೀಕಾಯಿಲ್ ಎಂಬ ರೋಲರ್ ಕೋಸ್ಟರ್ ಇದೆ. ರೈಲನ್ನು ಹಿಮ್ಮುಖವಾಗಿ ಏರಿನ ತುದಿಗೆ ಎಳೆದು ಬಿಟ್ಟುಬಿಡುತ್ತಾರೆ. ಅದು ತಲೆಕೆಳಗಾಗಿ ಮಗುಚುತ್ತ ಓಡಿ ಎದುರಿನ ಏರು ಹತ್ತಿ, ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಕುಳಿತವರಿಗೆ ಎರಡು ನಿಮಿಷದ ಕಿರುಚಾಟ. ಕಟ್ಟುವವರ ಪಾಲಿನ ಕಿರುಚಾಟ ಮಾತ್ರ ತಿಂಗಳುಗಟ್ಟಲೆ ನಡೆದಿರುತ್ತದೆ.

ಯಾಕೆಂದರೆ ಅಲ್ಲಿ ಪ್ರತಿಯೊಂದು ಕೆಲಸವೂ ಇನ್ನೊಂದರ ಕಾಲು ಹಿಡಿದಿದೆ. ಕೋಸ್ಟರಿನ ಕಂಬ ನಿಲ್ಲುವ ಬೋಲ್ಟುಗಳನ್ನು ಪಾಯದ ಕಾಂಕ್ರೀಟಿನಲ್ಲೇ ಹೂಳಬೇಕು. ಅವು ಕೆಲವು ಮಿಲಿಮೀಟರ್ ಆಚೀಚೆ ಆದರೂ ಮೇಲೆ ಬರುವ ಕಂಬ ಕೂರುವುದಿಲ್ಲ. ಕಂಬ ಎತ್ತಲು ದೊಡ್ಡ ಕ್ರೇನ್ ಬರಬೇಕು. ಕ್ರೇನಿಗೆ ದಾರಿ ಬೇಕು. ಆ ದಾರಿಯ ಮೇಲೆ ಬರಬೇಕಾದ ಹೋಟೆಲು, ಕೊಳ, ಹುಲ್ಲುಹಾಸು ಎಲ್ಲವೂ ಕ್ರೇನ್ ಹೊರಗೆ ಹೋಗುವ ತನಕ ಕಾಯಬೇಕು. ನೀರಾಟದ ಕೊಳಕ್ಕೆ ನೀರು ತುಂಬಿ, ಸೋರುತ್ತದೆಯೇ ಎಂದು ನೋಡಿದ ಮೇಲೆಯೇ ಟೈಲ್ಸ್. ಕತ್ತಲೆಕೋಣೆಯ ಆಟಗಳ ಯಂತ್ರ ಕೆಲವೊಮ್ಮೆ ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡದು. ಅದು ಒಳಗೆ ಇಳಿಯುವವರೆಗೆ ಮೇಲ್ಛಾವಣಿ ಮುಚ್ಚುವಂತಿಲ್ಲ. ಸಿಬ್ಬಂದಿಗೆ ತರಬೇತಿ ಕೊಡಲು ಓಡುವ ಯಂತ್ರ ಬೇಕು, ಯಂತ್ರ ಓಡಲು ಕಾಯಂ ಕರೆಂಟು ಬೇಕು, ಕರೆಂಟಿಗೆ ಇನ್‌ಸ್ಪೆಕ್ಟರರ ಸಹಿ ಬೇಕು. ಇಂಥ ಸಾವಿರಾರು ಕೊಂಡಿಗಳು. ಯಾವ ಮೇಸ್ತ್ರಿಯ ತಲೆಯೂ ಇದಕ್ಕೆ ಸಾಲದು.

ಈ ತಲೆಯ ಕೆಲಸವನ್ನು ಈಗ ಮಾಡುವುದು ಪ್ಲಾನಿಂಗ್ ಸಾಫ್ಟ್‌ವೇರ್. ಕಟ್ಟಡ ಲೋಕದಲ್ಲಿ ಎರಡು ಹೆಸರು ಎಲ್ಲರ ಬಾಯಲ್ಲಿವೆ: 1983ರಲ್ಲಿ ಅಮೆರಿಕದಲ್ಲಿ ಹುಟ್ಟಿ 2008ರಲ್ಲಿ ಒರಾಕಲ್ ಕಂಪನಿಯ ಕೈಸೇರಿದ ಪ್ರೈಮಾವೆರಾ, ಮತ್ತು ಮೈಕ್ರೋಸಾಫ್ಟ್ ಪ್ರಾಜೆಕ್ಟ್. ತೆರೆಯ ಮೇಲೆ ಕಾಣುವುದು ಎಡಗಡೆ ಕೆಲಸಗಳ ಪಟ್ಟಿ, ಬಲಗಡೆ ಅಡ್ಡಡ್ಡ ಬಣ್ಣದ ಪಟ್ಟಿಗಳು. ಆ ಬಣ್ಣಗಳನ್ನು ನೋಡಿ ಇದೇನೋ ಚಂದದ ಕ್ಯಾಲೆಂಡರ್ ಎಂದುಕೊಂಡವರೇ ಹೆಚ್ಚು. ಕೆಲವು ಕಚೇರಿಗಳಲ್ಲಿ ಅದನ್ನು ಹಾಗೆಯೇ ಬಳಸುತ್ತಾರೆ ಕೂಡ, ಗೋಡೆಗೆ ಅಂಟಿಸಲು.

ನಿಜವಾಗಿ ಆರಂಭದ ದಿನ ಬಿಟ್ಟರೆ ಅದಕ್ಕೆ ನಾವು ದಿನಾಂಕ ಕೊಡುವುದೇ ಇಲ್ಲ, ಕೊಡಬಾರದು. ಅದು ಪ್ರತಿ ಕೆಲಸಕ್ಕೂ ಮೂರು ಪ್ರಶ್ನೆ ಕೇಳುತ್ತದೆ. ಎಷ್ಟು ದಿನ ಹಿಡಿಯುತ್ತದೆ? ಯಾವುದು ಮುಗಿಯುವವರೆಗೆ ಇದು ಕಾಯಬೇಕು? ಯಾರು ಮಾಡುತ್ತಾರೆ? ಉತ್ತರ ಸಿಕ್ಕ ಮೇಲೆ ದಿನಾಂಕವನ್ನು ಅದೇ ಹುಟ್ಟಿಸುತ್ತದೆ.

ಉಮರ್ಗಾದ ಹೊರಗೆ ಹೆದ್ದಾರಿ ಪಕ್ಕ ಯಾರೋ ಒಂದು ಪಾರ್ಕ್ ಕಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಒಂದೇ ಒಂದು ಕೋಸ್ಟರಿನ ಲೆಕ್ಕ ನೋಡೋಣ, ಅಂಕಿಗಳು ಊಹೆಯವು. ನೆಲ ಸಮ ಮಾಡಲು 20 ದಿನ, ಪಾಯ ತೋಡಿ ಕಾಂಕ್ರೀಟ್ ಹಾಕಲು 30, ಕಾಂಕ್ರೀಟು ಪೂರ್ಣ ಬಲಕ್ಕೆ ಬರಲು 28. ಒಟ್ಟು 78 ದಿನ. ಇನ್ನೊಂದು ಕಡೆ, ಹಳಿ ಹೊರದೇಶದ ಕಾರ್ಖಾನೆಯಲ್ಲಿ ತಯಾರಾಗಿ ಹಡಗಿನಲ್ಲಿ ಬಂದು ಸೇರಲು 150 ದಿನ. ಟ್ರಾನ್ಸ್‌ಫಾರ್ಮರ್, ಲೈನು, ಸಹಿಗಳಿಗೆ 120. ಪಾಯವೂ ಹಳಿಯೂ ಎರಡೂ ಸಿದ್ಧವಾದ ಮೇಲೆ ಜೋಡಣೆಗೆ 40 ದಿನ. ಜೋಡಣೆ ಮುಗಿದು ಕರೆಂಟೂ ಬಂದ ಮೇಲೆ, ಜನರ ಬದಲು ನೀರು ತುಂಬಿದ ಗೊಂಬೆಗಳನ್ನು ಕೂರಿಸಿ ಪರೀಕ್ಷೆ ಓಡಿಸಲು 30.

ಈ ಸಾಫ್ಟ್‌ವೇರ್ ಯಂತ್ರ ಮೊದಲು ಮುಂದಕ್ಕೆ ಕೂಡಿಸುತ್ತ ಹೋಗುತ್ತದೆ. ಹಳಿ 150ನೇ ದಿನ, ಜೋಡಣೆ ಮುಗಿಯುವುದು 190ಕ್ಕೆ, ಪರೀಕ್ಷೆ 220ಕ್ಕೆ. ಆಮೇಲೆ 220ರಿಂದ ಹಿಂದಕ್ಕೆ ಕಳೆಯುತ್ತ ಬರುತ್ತದೆ: ಪರೀಕ್ಷೆ ತಡವಾಗದಿರಬೇಕಾದರೆ ಕರೆಂಟು ಯಾವಾಗಿನೊಳಗೆ ಬರಬೇಕು? 190ನೇ ದಿನದೊಳಗೆ. ಬರುವುದು 120ಕ್ಕೆ. ಅಂದರೆ 70 ದಿನ ಕೈಯಲ್ಲಿ ಉಳಿದಿದೆ. ಪಾಯ 150ರೊಳಗೆ ಗಟ್ಟಿಯಾದರೆ ಸಾಕು, ಆಗುವುದು 78ಕ್ಕೆ. ಅಲ್ಲಿ 72 ದಿನದ ಸಡಿಲ. ಇದನ್ನೇ ಎಂಜಿನಿಯರುಗಳು ಫ್ಲೋಟ್ ಎನ್ನುತ್ತಾರೆ. ಹಳಿಯ ಸಾಲಿನಲ್ಲಿ ಮಾತ್ರ ಸಡಿಲವೇ ಇಲ್ಲ, ಸೊನ್ನೆ. ಆ ಸೊನ್ನೆಗಳ ಸಾಲೇ ಕ್ರಿಟಿಕಲ್ ಪಾತ್.

ಇದರ ಮಜಾ ನೋಡಿ. ಮಳೆ ಬಂದು ಪಾಯದ ಗುಂಡಿ ತುಂಬಿ 60 ದಿನ ಕೆಲಸ ನಿಂತರೂ ಉದ್ಘಾಟನೆ ಒಂದು ದಿನವೂ ಮುಂದಕ್ಕೆ ಹೋಗುವುದಿಲ್ಲ. ಮಾಲೀಕರು ಮಾತ್ರ ದಿನಾ ಆ ಗುಂಡಿಯ ಮುಂದೆ ನಿಂತು ಗೌಂಡಿಗಳನ್ನು ಬೈಯುತ್ತಿರುತ್ತಾರೆ. ಅತ್ತ ಕಣ್ಣಿಗೆ ಕಾಣದ ಬಂದರಿನಲ್ಲಿ ಹಳಿಯ ಕಂಟೇನರ್ ಒಂದು ವಾರ ಕೂತರೆ ಇಡೀ ಪಾರ್ಕ್ ಒಂದು ವಾರ ಹಿಂದೆ ಬೀಳುತ್ತದೆ. ಆದರೆ ಮಳೆ 90 ದಿನ ನುಂಗಿದರೆ? ಪಾಯ 168ಕ್ಕೆ ಮುಗಿಯುತ್ತದೆ, ಕ್ರಿಟಿಕಲ್ ಪಾತ್ ಹಳಿಯಿಂದ ಪಾಯಕ್ಕೆ ಜಿಗಿಯುತ್ತದೆ, ಉದ್ಘಾಟನೆ 238ನೇ ದಿನಕ್ಕೆ. ನಿನ್ನೆಯವರೆಗೆ ಬೈಗುಳಕ್ಕೆ ಅರ್ಥವಿರಲಿಲ್ಲ, ಇವತ್ತಿನಿಂದ ಇದೆ. ಈ ಜಿಗಿತವನ್ನು ಹಿಡಿಯುವುದಕ್ಕಾಗಿಯೇ ಯಂತ್ರ ಬೇಕು. ನಮ್ಮ ಉದಾಹರಣೆಯಲ್ಲಿ ಏಳು ಕೆಲಸ. ನಿಜವಾದ ಪಾರ್ಕಿನಲ್ಲಿ ಸಾವಿರಗಳು, ಪ್ರತಿವಾರ ಬದಲಾಗುವಂಥವು.

ಈ ಲೆಕ್ಕ ಹುಟ್ಟಿದ್ದು ಆಟದ ಜಾಗದಲ್ಲಲ್ಲ. 1957ರ ಹೊತ್ತಿಗೆ ಡ್ಯುಪಾಂಟ್ ರಾಸಾಯನಿಕ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಇದನ್ನು ಯೂನಿವ್ಯಾಕ್ ಕಂಪ್ಯೂಟರಿನಲ್ಲಿ ಕೂರಿಸಿದರು. ಡ್ಯುಪಾಂಟಿನ ಲೂಯಿವಿಲ್ ಕಾರ್ಖಾನೆಯಲ್ಲಿ ದುರಸ್ತಿಗಾಗಿ ಯಂತ್ರ ನಿಲ್ಲಿಸುವ ಅವಧಿ ಇದರಿಂದ 125 ಗಂಟೆಯಿಂದ 93 ಗಂಟೆಗೆ ಇಳಿಯಿತು. ಮರುವರ್ಷ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಇದರ ಸೋದರನನ್ನು ರೂಪಿಸಿತು, ಪರ್ಟ್ ಎಂದು. ಅದು ‘ಎಷ್ಟು ದಿನ’ ಎಂಬ ಪ್ರಶ್ನೆಗೆ ಒಂದೇ ಉತ್ತರ ಒಪ್ಪುವುದಿಲ್ಲ. ಎಲ್ಲ ಸರಿಹೋದರೆ 10, ಸಾಮಾನ್ಯವಾಗಿ 14, ಕೆಟ್ಟರೆ 30 ಎಂದು ಮೂರನ್ನೂ ಕೇಳಿ, ನಡುವಿನದಕ್ಕೆ ನಾಲ್ಕು ಪಾಲು ತೂಕ ಕೊಟ್ಟು, ಆರರಿಂದ ಭಾಗಿಸಿ 16 ಎನ್ನುತ್ತದೆ.

ಡಿಸ್ನಿಲ್ಯಾಂಡ್ ಇದಕ್ಕೂ ಮುಂಚಿನದು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ತೆರವು ಮಾಡಿ 1954ರ ಜುಲೈಯಲ್ಲಿ ಆರಂಭಿಸಿ, 1955ರ ಜುಲೈ 17ಕ್ಕೆ ತೆರೆದೇಬಿಟ್ಟರು. ಟಿವಿಯಲ್ಲಿ ನೇರಪ್ರಸಾರ ನಿಗದಿಯಾಗಿತ್ತು, ದಿನ ಬದಲಿಸುವಂತಿರಲಿಲ್ಲ. ಕಟ್ಟಡದ ಉಸ್ತುವಾರಿ ನೌಕಾಪಡೆಯ ನಿವೃತ್ತ ಅಡ್ಮಿರಲ್ ಜೋ ಫೌಲರ್ ಅವರದು. ಕೊಳಾಯಿ ಕೆಲಸಗಾರರ ಮುಷ್ಕರದಿಂದ ಕೆಲಸ ಹಿಂದೆ ಬಿದ್ದು, ಕುಡಿಯುವ ನೀರಿನ ನಲ್ಲಿಯೋ ಶೌಚಾಲಯವೋ ಎಂದು ಆರಿಸಬೇಕಾಯಿತು. ವಾಲ್ಟ್ ಡಿಸ್ನಿ ಶೌಚಾಲಯ ಎಂದರು. ಸರಿಯಾದ ನಿರ್ಧಾರವೇ, ಆದರೆ ಬಿರುಬಿಸಿಲಿನ ದಿನ ಜನ ಬಾಯಾರಿದರು. ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಹೈಹೀಲ್ಡ್ ಚಪ್ಪಲಿ ಅದರಲ್ಲಿ ಹೂತವು.

ನಮ್ಮ ಕಡೆಗೆ ಬಂದರೆ ಯಂತ್ರಕ್ಕೆ ಹೇಳಬೇಕಾದ ಸಂಗತಿಗಳೇ ಬೇರೆ. ಸಾಫ್ಟ್‌ವೇರಿನಲ್ಲಿ ಕ್ಯಾಲೆಂಡರ್ ಎಂಬ ಭಾಗವಿದೆ. ಅದರಲ್ಲಿ ಕೆಲಸವಿಲ್ಲದ ದಿನಗಳನ್ನು ತುಂಬಬೇಕು. ಭಾನುವಾರ, ದೀಪಾವಳಿ ಎಲ್ಲರೂ ತುಂಬುತ್ತಾರೆ. ಆದರೆ ಇಲ್ಲಿಯ ಎರೆ ಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಹಸಿ ಎರೆಯಲ್ಲಿ ಜೆಸಿಬಿ ಇಳಿದರೆ ಮೇಲೆ ಬರುವುದೇ ಕಷ್ಟ. ಹಾಗಾಗಿ ಪಾಯದ ಕೆಲಸಕ್ಕೆ ಬೇರೆಯದೇ ಕ್ಯಾಲೆಂಡರ್ ಬೇಕು. ಸರಿ, ಮಳೆ ಹೋದ ಮೇಲೆ ತೋಡೋಣ ಎಂದರೆ ಆಗ ಆಳುಗಳಿಲ್ಲ. ದಸರೆ ದಾಟುತ್ತಿದ್ದಂತೆ ಮುಕಾದಮ್ ಎಂಬ ಕೂಲಿ ಗುತ್ತಿಗೆದಾರನಿಂದ ಮುಂಗಡ ಪಡೆದ ಗಂಡ ಹೆಂಡತಿಯರ ಜೋಡಿಗಳು ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಹೊರಟುಬಿಡುತ್ತಾರೆ. ಹಿಂದೆ ಬರುವುದು ಯುಗಾದಿಯ ಹೊತ್ತಿಗೆ. ನೆಲ ಒಣಗಿರುವ ತಿಂಗಳುಗಳೂ ಜನ ಊರಲ್ಲಿಲ್ಲದ ತಿಂಗಳುಗಳೂ ಹೆಚ್ಚುಕಡಿಮೆ ಒಂದೇ. ಪುಣೆಯಲ್ಲೋ ಮುಂಬೈಯಲ್ಲೋ ಕುಳಿತು ಪಟ್ಟಿ ತಯಾರಿಸುವವರಿಗೆ ಇದು ಗೊತ್ತಾಗಬೇಕಾದರೆ ಊರಿನ ಗೌಂಡಿಯನ್ನು ಕೇಳಬೇಕು.

ಈ ಭಾಗದಲ್ಲಿ ನಡೆದ ಅತಿ ದೊಡ್ಡ ಕಟ್ಟಡ ಕೆಲಸ ಪಾರ್ಕ್ ಅಲ್ಲ, ಭೂಕಂಪದ ನಂತರದ ಊರುಗಳು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದ ಜನ ಮಲಗಿದ್ದಾಗ ಕಿಲ್ಲಾರಿ, ಸಾಸ್ತೂರು ಸುತ್ತಿನ ನೆಲ ನಡುಗಿತು. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ. ಸತ್ತವರು ಎಂಟು ಸಾವಿರದಷ್ಟು. ವಿಶ್ವಬ್ಯಾಂಕಿನ ಸಾಲ ಪಡೆದು ಮಹಾರಾಷ್ಟ್ರ ಸರ್ಕಾರ 52 ಊರುಗಳನ್ನು ಹೊಸ ಜಾಗದಲ್ಲಿ ಕಟ್ಟಿಸಿತು. ಹಿಡುವಳಿ ಎಷ್ಟಿದೆ ಎಂಬುದರ ಮೇಲೆ 250, 400, 750 ಚದರಡಿಯ ಮನೆಗಳು. ಪೂರ್ತಿ ಬೀಳದ ಮನೆಗಳ ದುರಸ್ತಿಯನ್ನು ಮನೆಯವರೇ ಮಾಡಿಕೊಳ್ಳಬೇಕಿತ್ತು, ಹಣ ಕಂತಿನಲ್ಲಿ. ಒಂದು ಹಂತ ಮುಗಿದು ಎಂಜಿನಿಯರ್ ಬಂದು ನೋಡಿದ ಮೇಲೆ ಮುಂದಿನ ಕಂತು.

ಇದನ್ನು ಯಂತ್ರದ ಕಣ್ಣಿನಿಂದ ನೋಡಿದರೆ ಒಂದು ವಿಚಿತ್ರ ತಿಳಿಯುತ್ತದೆ. ಗೋಡೆ ಎತ್ತಲು ಹಿಡಿಯುವ ದಿನಗಳಿಗಿಂತ ಎಂಜಿನಿಯರ್ ಬರುವ ತನಕ ಕಾಯುವ ದಿನಗಳೇ ಉದ್ದವಾದರೆ, ಕ್ರಿಟಿಕಲ್ ಪಾತ್ ಓಡುವುದು ಆ ಎಂಜಿನಿಯರರ ಮೋಟಾರ್ ಸೈಕಲ್ ಮೇಲೆ. ಸಿಮೆಂಟು ಹೆಚ್ಚು ಕಳಿಸಿ ಪ್ರಯೋಜನವಿಲ್ಲ. ಹೊಸ ಊರುಗಳಲ್ಲೂ ಅಷ್ಟೇ: ಜಾಗ, ನಕ್ಷೆ, ನೀರು, ಮನೆ, ಹಂಚಿಕೆ ಎಂಬ ಸರಣಿಯಲ್ಲಿ ನೀರು ಬಾರದ ಮನೆಯನ್ನು ಗುತ್ತಿಗೆದಾರ ‘ಮುಗಿದಿದೆ’ ಎಂದು ಬರೆಯಬಹುದು, ಆದರೆ ಅಲ್ಲಿಯವರೆಗೆ ಪತ್ರಾ (ತಗಡಿನ) ಶೆಡ್ಡಿನಲ್ಲಿರುವ ಸಂಸಾರಕ್ಕೆ ಅದು ಮುಗಿದಿಲ್ಲ. ಎಲ್ಲಿಗೆ ಮುಗಿಯಿತು ಎನ್ನುವುದನ್ನು ಬರೆಯುವವರು ಯಾರೋ ಅವರೇ ವೇಳಾಪಟ್ಟಿಯ ನಿಜವಾದ ಯಜಮಾನರು.

ಉಮರ್ಗಾದಿಂದ ಗಡಿ ದಾಟಿದರೆ ಸಿಗುವ ಬಸವಕಲ್ಯಾಣದಲ್ಲಿ ಇತ್ತೀಚಿನ ಉದಾಹರಣೆಯಿದೆ. ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿತ್ತು. 770 ಅಮರಗಣಂಗಳ ನೆನಪಿಗೆ 770 ಕಂಬಗಳ ಯೋಜನೆ. ಎರಡು ವರ್ಷದಲ್ಲಿ ಪೂರ್ಣ ಎಂದು ಆಗ ಹೇಳಲಾಯಿತು. 2023ರ ಜನವರಿ ಬಂದು ಹೋಯಿತು, ಕೆಲಸ ನಡೆದೇ ಇತ್ತು. ಒಂದೇ ಬಗೆಯ ಕೆಲಸ ನೂರಾರು ಸಲ ಬರುವ ಇಂಥ ಕಡೆ ತಂಡಗಳ ವೇಗ ಹೊಂದಿಸುವುದೇ ದೊಡ್ಡ ಲೆಕ್ಕ. ದಿನಕ್ಕೆ ಎರಡು ಕಂಬದಂತೆ ಎಬ್ಬಿಸುವ ತಂಡಕ್ಕೆ 385 ದಿನ ಸಾಕು. ಹಿಂದೆ ಬರುವ ಕೆತ್ತನೆಯವರು ದಿನಕ್ಕೆ ಒಂದನ್ನೇ ಮುಗಿಸಬಲ್ಲರಾದರೆ 770 ದಿನ ಬೇಕು. ಕಾಂಕ್ರೀಟಿನವರನ್ನು ಎಷ್ಟು ಓಡಿಸಿದರೂ ಉದ್ಘಾಟನೆ ಹತ್ತಿರ ಬಾರದು. ಕೆತ್ತುವ ಕೈಗಳು ಹೆಚ್ಚಬೇಕು.

ಯಂತ್ರಕ್ಕೆ ಸುಳ್ಳು ಹೇಳುವುದೂ ಸುಲಭ. ಮಂತ್ರಿ ಹೇಳಿದ ದಿನಾಂಕವನ್ನು ಕೊನೆಯಲ್ಲಿ ಗೂಟ ಹೊಡೆದಂತೆ ನೆಟ್ಟು, ಅದಕ್ಕೆ ಹೊಂದುವ ಹಾಗೆ 30 ದಿನದ ಕೆಲಸವನ್ನು 12 ಎಂದು ತುಂಬಿದರೆ, ಅದು ತುಟಿ ಪಿಟಕ್ಕೆನ್ನದೆ ಹಸಿರು ಪಟ್ಟಿ ಬರೆದುಕೊಡುತ್ತದೆ. ಇದಕ್ಕೆ ಒಂದು ಮದ್ದಿದೆ, ಬೇಸ್‌ಲೈನ್. ಆರಂಭದಲ್ಲಿ ಒಪ್ಪಿದ ಪಟ್ಟಿಯನ್ನು ಮುಟ್ಟದಂತೆ ಉಳಿಸಿ, ಪ್ರತಿ ತಿಂಗಳ ನಿಜಸ್ಥಿತಿಯನ್ನು ಅದರ ಕೆಳಗೆ ಇನ್ನೊಂದು ಪಟ್ಟಿಯಾಗಿ ತೋರಿಸುವುದು. ಎರಡನ್ನೂ ಜೊತೆಗಿಟ್ಟರೆ ಎಲ್ಲಿ, ಯಾವ ವಾರದಿಂದ ಹಿಂದೆ ಬೀಳತೊಡಗಿತು ಎಂದು ಹತ್ತನೆಯ ತರಗತಿಯ ಹುಡುಗಿಯೂ ಹೇಳಬಲ್ಲಳು.

ಸರ್ಕಾರಿ ಕಾಮಗಾರಿಯ ಫಲಕದಲ್ಲಿ ನಾವು ನೋಡುವುದು ಮೊತ್ತ, ಗುತ್ತಿಗೆದಾರರ ಹೆಸರು, ಆರಂಭ, ಮುಕ್ತಾಯ, ಇಷ್ಟೇ. ಆದರೆ ದೊಡ್ಡ ಗುತ್ತಿಗೆಗಳಲ್ಲಿ ಗುತ್ತಿಗೆದಾರ ಇಲಾಖೆಗೆ ಇಂಥ ಕಾರ್ಯಕ್ರಮ ಪಟ್ಟಿಯನ್ನು ಕೊಡುವ ಕ್ರಮವಿದೆ. ನಿಮ್ಮೂರಿನ ಸೇತುವೆ, ಆಸ್ಪತ್ರೆ, ಬಸ್ ನಿಲ್ದಾಣ ಎಳೆದಾಡುತ್ತಿದ್ದರೆ ‘ಯಾವಾಗ ಮುಗಿಯುತ್ತದೆ’ ಎಂದು ಕೇಳುವುದನ್ನು ಬಿಟ್ಟು, ಮೊದಲ ಬೇಸ್‌ಲೈನ್ ಪಟ್ಟಿಯನ್ನೂ ಈ ತಿಂಗಳ ಪಟ್ಟಿಯನ್ನೂ ಕೊಡಿ ಎಂದು ಮಾಹಿತಿ ಹಕ್ಕಿನಡಿ ಬರೆಯಿರಿ. ಅರ್ಜಿ ಶುಲ್ಕ ಗಡಿಯ ಎರಡೂ ಕಡೆ 10 ರೂಪಾಯಿ.